ಹಸುವಿನ ಕಿವಿಯಲ್ಲಿ ಹರಳು ಬೀಜ, ಮಗುವಿನ ಕಿವಿಯ ಹಿಂದೆ ಎಳ್ಳು ಕಾಳು

ಓದುಗರ ಪ್ರಶ್ನೆ: ಡಾಕ್ಟರೇ, ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಒಂದು ಕರು, ಅತ್ತೆಯವರು ಸಾಕಿಕೊಂಡು ಬಂದ ಒಂದು ನಾಟಿ ಹಸು, ಒಂದು ನಾಯಿ ಇವೆ. ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತೇವೆ. ಮಳೆ ಹಿಡಿದ ಮೇಲೆ ಎಚ್‌ಎಫ್ ಹಸುಗಳ ಕಿವಿಯೊಳಗೆ, ಕೆಚ್ಚಲಿನ ಮೇಲೆ, ಬಾಲದ ಬುಡದಲ್ಲಿ ಬೂದು ಬಣ್ಣದ, ಹರಳು ಬೀಜದಂಥ ಗಂಟುಗಳು ಕಂಡವು. ನರುಳ್ಳೆ ಎಂದುಕೊಂಡಿದ್ದೆ. ಒಂದನ್ನು ಹಿಡಿದೆಳೆದಾಗ ಕಾಲು ಆಡಿಸಿತು. ಪಕ್ಕದಲ್ಲೇ ಕಂದು ಬಣ್ಣದ ಚಪ್ಪಟೆ ಹುಳುಗಳೂ ಇದ್ದವು. ಎರಡೂ ಬೇರೆ ಬೇರೆಯೇ? ಊರಿನಲ್ಲಿ ಒಬ್ಬರು ಇಂಜೆಕ್ಷನ್ ಕೊಟ್ಟರು. ವಾರದೊಳಗೆ ಎಲ್ಲ ಉದುರಿದವು, ಇಪ್ಪತ್ತು ದಿನಕ್ಕೆ ಮತ್ತೆ ಅಷ್ಟೇ ಆದವು. ಟೊಮೇಟೊಗೆ ಹೊಡೆಯುವ ಔಷಧಿ ಬಳಿದರೆ ಬುಡಸಮೇತ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಾಟಿ ಹಸುವಿನ ಮೈಮೇಲೆ ಮಾತ್ರ ಒಂದೋ ಎರಡೋ ಇವೆ, ಅದೇಕೆ? ನಿನ್ನೆಯಿಂದ ಒಂದು ಎಚ್‌ಎಫ್ ಹಸು ಮೇವು ಬಿಟ್ಟಿದೆ, ಮೈ ಬಿಸಿ ಇದೆ, ಹಾಲು ಒಂಬತ್ತು ಲೀಟರಿನಿಂದ ನಾಲ್ಕಕ್ಕೆ ಇಳಿದಿದೆ. ಇದರ ನಡುವೆ ಮೊನ್ನೆ ನಾಲ್ಕು ವರ್ಷದ ಮಗನ ಕಿವಿಯ ಹಿಂದೆ ಎಳ್ಳು ಕಾಳಿನಷ್ಟು ಒಂದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಹಚ್ಚಿದೆವು, ಯಾರೋ ಬೀಡಿ ಕೆಂಡ ಮುಟ್ಟಿಸಿದರು, ಕೊನೆಗೆ ಕಿತ್ತೆವು. ಚರ್ಮದಲ್ಲಿ ಕಪ್ಪು ಚುಕ್ಕೆ ಉಳಿದಿದೆ. ತಲೆ ಒಳಗೆ ಉಳಿದು ಬೆಳೆಯುತ್ತದೆಯಂತೆ, ಹೌದೇ? ಮಂಗನ ಕಾಯಿಲೆ ಬರುತ್ತದೆಯೇ? ಕೊಟ್ಟಿಗೆಗೆ ಕೋಳಿ ಬಿಟ್ಟರೆ ಸಾಕು ಎನ್ನುತ್ತಾರೆ ಅತ್ತೆ. ನನಗೆ ದಿಕ್ಕು ತೋಚುತ್ತಿಲ್ಲ.

ಉತ್ತರ: ಮೇವು ಬಿಟ್ಟಿರುವ ಹಸುವಿನ ಮಾತು ಮೊದಲು. ನಿಮ್ಮ ಉಳಿದ ಪ್ರಶ್ನೆಗಳು ನಾಳೆಯವರೆಗೂ ಕಾಯುತ್ತವೆ, ಅದು ಕಾಯುವುದಿಲ್ಲ. ಇದನ್ನು ಓದಿದ ತಕ್ಷಣ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಿ. ನೀವು ಕಂಡದ್ದು ಉಣ್ಣೆ, ರಕ್ತ ಹೀರುವ ಜೀವಿ. ಉಣ್ಣೆ ಹತ್ತಿದ ಮಿಶ್ರತಳಿ ಹಸುವಿಗೆ ಜ್ವರ ಬಂದು, ಹಾಲು ಒಮ್ಮೆಗೇ ಅರ್ಧಕ್ಕೆ ಇಳಿಯಿತೆಂದರೆ ನಾವು ಪಶುವೈದ್ಯರು ಅದನ್ನು ಬರಿಯ ಅಜೀರ್ಣವೆಂದು ಬಿಡುವುದಿಲ್ಲ, ರಕ್ತದೊಳಗೆ ರೋಗಾಣು ಹೊಕ್ಕಿದೆಯೇ ಎಂದು ನೋಡುತ್ತೇವೆ.

ವೈದ್ಯರು ಬರುವಷ್ಟರಲ್ಲಿ ನೀವು ಮೂರು ಕಡೆ ಕಣ್ಣು ಹಾಯಿಸಿ. ಒಂದು, ಗಂಜಲದ ಬಣ್ಣ. ಅದು ಕೆಂಪಗೆ ಅಥವಾ ಕಾಫಿ ಡಿಕಾಕ್ಷನ್ನಿನಂತೆ ಬಂದರೆ ಬಬೇಸಿಯಾ ಎಂಬ ಸೂಕ್ಷ್ಮಜೀವಿ ರಕ್ತಕಣಗಳನ್ನು ಒಡೆಯುತ್ತಿರುವ ಸಾಧ್ಯತೆ ಹೆಚ್ಚು. ಎರಡು, ಕಣ್ಣಿನ ಕೆಳ ರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದು ಒಳಭಾಗ ನೋಡಿ. ಗುಲಾಬಿ ಬಣ್ಣ ಹೋಗಿ ಕಾಗದದಂತೆ ಬಿಳಿಚಿದ್ದರೆ ರಕ್ತ ಇಳಿದಿದೆ ಎಂದು ತಿಳಿಯಿರಿ, ಹಳದಿಯಾಗಿದ್ದರೆ ಕಾಮಾಲೆ. ಮೂರು, ಕತ್ತು ಭುಜಕ್ಕೆ ಸೇರುವ ಕಡೆ ಅಂಗೈಯನ್ನು ಒತ್ತಿ ಸವರಿ. ಅಲ್ಲಿ ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಗಂಟು ಕೈಗೆ ಸಿಕ್ಕಿದರೆ ಥೈಲೇರಿಯಾ ಎಂಬ ಇನ್ನೊಂದು ರೋಗಾಣು ಇರಬಹುದು. ಹಸುವಿನ ಸಹಜ ಮೈಶಾಖ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಈ ರೋಗಗಳಲ್ಲಿ 104ರಿಂದ 106ಕ್ಕೆ ಏರುತ್ತದೆ. ನೋಡಿದ್ದನ್ನು ವೈದ್ಯರಿಗೆ ಹೇಳಿ, ಅವರಿಗೆ ಅರ್ಧ ದಾರಿ ಸವೆಸಿದಂತಾಗುತ್ತದೆ.

ಅವರು ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೋಡದೆ ಇಂಜೆಕ್ಷನ್ ಕೊಡಲು ಹೊರಟರೆ ರಕ್ತ ಪರೀಕ್ಷೆ ಮಾಡಿಸೋಣವೇ ಎಂದು ವಿನಯದಿಂದಲೇ ಕೇಳಿ. ಏಕೆಂದರೆ ಬಬೇಸಿಯಾಕ್ಕೆ ಕೊಡುವ ಡೈಮಿನಜಿನ್ ಥೈಲೇರಿಯಾವನ್ನು ವಾಸಿ ಮಾಡುವುದಿಲ್ಲ. ಥೈಲೇರಿಯಾಕ್ಕೆ ಬುಪಾರ್ವಕೋನ್ ಬೇಕು, ಅದು ದುಬಾರಿ. ಅನಾಪ್ಲಾಸ್ಮಾ ಎಂಬ ಮೂರನೆಯ ರೋಗಾಣು ಆಗಿದ್ದರೆ ಆಕ್ಸಿಟೆಟ್ರಾಸೈಕ್ಲಿನ್. ತಪ್ಪು ಔಷಧಿಯಲ್ಲಿ ಎರಡು ದಿನ ಕಳೆದರೆ, ಆ ಎರಡು ದಿನವೇ ಹಸುವನ್ನು ಕಳೆಯುತ್ತದೆ. ಬೇಗ ಹಿಡಿದರೆ ಮೂರೂ ವಾಸಿಯಾಗುವ ರೋಗಗಳೇ.

ಇನ್ನು ಮಗುವಿನ ವಿಷಯ. ನಾನು ಪಶುವೈದ್ಯ, ಮಗುವಿಗೆ ಜ್ವರ ಬಂದರೆ ಮಕ್ಕಳ ವೈದ್ಯರ ಮಾತೇ ನಡೆಯಬೇಕು. ಆದರೆ ಉಣ್ಣೆಯ ಬಗ್ಗೆ ಹೇಳಬಲ್ಲೆ. ಚರ್ಮದಲ್ಲಿ ಉಳಿದಿರುವ ಕಪ್ಪು ಚುಕ್ಕೆ ಅದರ ಬಾಯಿಯ ಮುರಿದ ತುದಿ. ಅದಕ್ಕೆ ಜೀವವಿಲ್ಲ, ಅದು ಬೆಳೆಯುವುದೂ ಇಲ್ಲ, ಅದರಿಂದ ಇನ್ನೊಂದು ಉಣ್ಣೆ ಹುಟ್ಟುವುದೂ ಇಲ್ಲ. ಕಾಲಿಗೆ ಚುಚ್ಚಿದ ಸಣ್ಣ ಮುಳ್ಳಿನಂತೆ ಚರ್ಮವೇ ಅದನ್ನು ಹೊರಗೆ ತಳ್ಳುತ್ತದೆ. ಕೆಲವೊಮ್ಮೆ ಅಲ್ಲಿ ಕಾಳಿನಷ್ಟು ಗಂಟಾಗಿ ಕೆಲವು ವಾರ ಉಳಿಯಬಹುದು. ಸೋಪು ನೀರಿನಲ್ಲಿ ತೊಳೆಯಿರಿ. ದಯವಿಟ್ಟು ಪಿನ್ನಿನಿಂದ ಕೆದಕಬೇಡಿ. ಉಣ್ಣೆಯ ತುದಿಗಿಂತ ಆ ಪಿನ್ನಿನಿಂದ ಕೀವಾಗುವುದೇ ಹೆಚ್ಚು.

ಸೀಮೆಎಣ್ಣೆ, ಬೀಡಿ ಕೆಂಡ, ಸುಣ್ಣ, ಎಣ್ಣೆ ಇವೆಲ್ಲ ನಮ್ಮ ಹಿರಿಯರಿಂದ ಬಂದ ಉಪಾಯಗಳು. ಉಣ್ಣೆ ತಾನಾಗಿ ಬಿಡಲಿ ಎಂಬುದು ಅವುಗಳ ಹಿಂದಿನ ಯೋಚನೆ. ಆದರೆ ಉಣ್ಣೆ ಹಾಗೆ ಬೇಗ ಬಿಡುವ ಪ್ರಾಣಿಯಲ್ಲ. ಬಿಸಿ ತಾಗಿದಾಗ, ಉಸಿರು ಕಟ್ಟಿದಾಗ ಅದು ತನ್ನ ಜೊಲ್ಲನ್ನು, ಕುಡಿದದ್ದನ್ನು ಗಾಯದೊಳಕ್ಕೇ ಉಗುಳಬಹುದು. ರೋಗಾಣು ಇರುವುದು ಆ ಜೊಲ್ಲಿನಲ್ಲೇ. ಜೊತೆಗೆ ಮಗುವಿನ ಕಿವಿಯ ಬಳಿ ಕೆಂಡ ಹಿಡಿಯುವ ಅಪಾಯ ಬೇರೆ. ಮುಂದೆ ಕಂಡರೆ ಚೂಪು ತುದಿಯ ಚಿಮುಟ ತೆಗೆದುಕೊಂಡು, ಹೊಟ್ಟೆಯನ್ನು ಹಿಸುಕದೆ, ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಬಳಿಯೇ ಹಿಡಿದು, ತಿರುಚದೆ, ಜಗ್ಗದೆ, ನೇರವಾಗಿ ಒಂದೇ ಸಮನೆ ಮೇಲಕ್ಕೆ ಎಳೆಯಿರಿ. ಚರ್ಮ ಸ್ವಲ್ಪ ಎದ್ದು ಬಂದು, ಆಮೇಲೆ ಅದು ಬಿಡುತ್ತದೆ. ಉಗುರಿನಲ್ಲಿ ಅರೆದು ಕೊಲ್ಲಬೇಡಿ, ಅದರ ಹೊಟ್ಟೆಯ ರಕ್ತ ನಿಮ್ಮ ಕೈಯ ಗೀರುಗಳಿಗೆ ತಾಗುವುದು ಬೇಡ. ಸ್ಪಿರಿಟ್ ಇರುವ ಸಣ್ಣ ಸೀಸೆಯಲ್ಲಿ ಹಾಕಿ, ಸೀಸೆಯ ಮೇಲೆ ತಾರೀಕು ಬರೆದಿಡಿ.

ಮಂಗನ ಕಾಯಿಲೆಯ ಭಯ ನಿಮ್ಮೊಬ್ಬರದಲ್ಲ. ಟಿವಿಯಲ್ಲಿ ಉಣ್ಣೆಯ ಚಿತ್ರ ತೋರಿಸಿದ ದಿನವೆಲ್ಲ ನನಗೆ ಈ ಕರೆ ಬರುತ್ತದೆ. ಆ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಗೆ ಬಂತು. ಅದನ್ನು ಹರಡುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣೆ, ಮಲೆನಾಡಿನವರು ಉಣುಗು ಎನ್ನುವುದು ಇದನ್ನೇ. ಅದರ ಕಾಟ ಮಲೆನಾಡು ಮತ್ತು ಪಶ್ಚಿಮಘಟ್ಟದ ಕಾಡಂಚಿನಲ್ಲಿ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ನಿಮ್ಮ ಮಗನನ್ನು ಕಚ್ಚಿದ್ದು ನಿಮ್ಮ ಅಂಗಳದಲ್ಲಿ, ಮಳೆಗಾಲದಲ್ಲಿ. ಅವನು ಈಚೆಗೆ ಮಲೆನಾಡಿನ ಕಾಡಿಗೆ ಹೋಗಿ ಬಂದಿಲ್ಲವಾದರೆ ಆ ಚಿಂತೆಯನ್ನು ಪಕ್ಕಕ್ಕಿಡಿ.

ಹಾಗೆಂದು ಪೂರ್ತಿ ಮರೆಯಬೇಡಿ. ಎಳ್ಳು ಕಾಳಿನಷ್ಟು, ಕಂದು, ಚಪ್ಪಟೆ, ಮನೆಯಲ್ಲಿ ನಾಯಿ ಇದೆ ಎಂದರೆ ಅದು ಬಹುತೇಕ ನಾಯಿಯ ಉಣ್ಣೆ. ದನದ ನೀಲಿ ಉಣ್ಣೆ ಮನುಷ್ಯರನ್ನು ಕಚ್ಚುವುದು ಅಪರೂಪ. ನಾಯಿಯ ಉಣ್ಣೆಯಿಂದ ನಮ್ಮ ದೇಶದಲ್ಲಿ ಬರುವ ಒಂದು ಜ್ವರವಿದೆ, ವೈದ್ಯರು ಅದನ್ನು ಇಂಡಿಯನ್ ಟಿಕ್ ಟೈಫಸ್ ಎನ್ನುತ್ತಾರೆ. ಜ್ವರ, ತಲೆನೋವು, ಕೆಲವು ದಿನದಲ್ಲಿ ಮೈಮೇಲೆ ಕೆಂಪು ಚುಕ್ಕೆ. ಆ ಚುಕ್ಕೆಗಳು ಅಂಗೈ, ಅಂಗಾಲಿನಲ್ಲೂ ಕಾಣಿಸಿಕೊಳ್ಳುವುದು ಅದರ ಗುರುತು. ಮೂರು ವಾರ ಮಗುವಿನ ಮೇಲೆ ಗಮನವಿರಲಿ. ಜ್ವರ ಬಂದರೆ ವೈದ್ಯರು ಕೇಳುವ ಮೊದಲೇ "ಇಂಥ ದಿನ ಉಣ್ಣೆ ಕಚ್ಚಿತ್ತು" ಎಂದು ಹೇಳಿ, ಸೀಸೆ ತೋರಿಸಿ. ಆ ಒಂದು ಮಾತು ಹೇಳದಿದ್ದರೆ ಇದು ಡೆಂಗಿ, ವೈರಲ್ ಜ್ವರಗಳ ನಡುವೆ ಕಳೆದುಹೋಗುತ್ತದೆ, ಹೇಳಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿಗೆ ಬಗ್ಗುತ್ತದೆ. ಜ್ವರವೇ ಇಲ್ಲದಿದ್ದರೆ ಮುಂಜಾಗ್ರತೆ ಎಂದು ನೀವಾಗಿ ಮಾತ್ರೆ ಕೊಡಬೇಡಿ. ಹಸುವಿನ ಜ್ವರ ಮಗುವಿಗೆ ಬರುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಬರುವುದಿಲ್ಲ. ದನದ ಥೈಲೇರಿಯಾ ಮನುಷ್ಯರಿಗೆ ಅಂಟುವುದಿಲ್ಲ, ನಮ್ಮ ದನಗಳ ಬಬೇಸಿಯಾದ ಭಯವೂ ಬೇಡ.

ಈಗ ನೀವು ಕಂಡ ಆ ಎರಡು ಹುಳುಗಳ ಮಾತಿಗೆ ಬರುತ್ತೇನೆ. ಬೂದು ಬಣ್ಣದ ಗಂಟೂ ಕಂದು ಬಣ್ಣದ ಚಪ್ಪಟೆಯೂ ಒಂದೇ ಜಾತಿಯವೇ ಆಗಿರಬಹುದು, ಬೂದು ಬಣ್ಣದ್ದು ರಕ್ತ ಕುಡಿದು ಉಬ್ಬಿದ ಹೆಣ್ಣು. ತೆಲುಗು ಮಾತಾಡುವ ಮನೆಗಳಲ್ಲಿ ಪಿಡುದು ಎನ್ನುತ್ತಾರೆ, ನಾವು ಉಣ್ಣೆ ಎನ್ನುತ್ತೇವೆ. ನಿಮಗೆ ಅದು ಹರಳು ಬೀಜದಂತೆ ಕಂಡದ್ದು ಸಹಜ. ಹರಳು ಗಿಡದ ಶಾಸ್ತ್ರೀಯ ಹೆಸರು ರಿಸಿನಸ್. ಲ್ಯಾಟಿನ್ ಭಾಷೆಯಲ್ಲಿ ಆ ಪದದ ಅರ್ಥವೇ ಉಣ್ಣೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ನಾವು ಬೆಳೆಯುವ ಆ ಬೀಜವನ್ನು ನೋಡಿ, ದೂರದ ದೇಶದವರಿಗೂ ಉಣ್ಣೆಯೇ ನೆನಪಾಗಿದೆ.

ಒಂದನ್ನು ಕಿತ್ತು ಬಿಳಿ ತಟ್ಟೆಯ ಮೇಲೆ ಅಂಗಾತ ಹಾಕಿ, ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಹಿಡಿದು ನೋಡಿ. ದೊಡ್ಡ ಚೀಲದಂಥ ಹೊಟ್ಟೆ, ಅದರ ಒಂದು ತುದಿಯಲ್ಲಿ ಗುಂಪಾಗಿ ಪುಟ್ಟ ಕಾಲುಗಳು. ಎಣಿಸಿ, ಎಂಟು ಇರುತ್ತವೆ. ಹೇನು, ತಿಗಣೆ, ಚಿಗಟಗಳಿಗೆ ಆರು. ಉಣ್ಣೆ ಜೇಡ, ಚೇಳುಗಳ ಬಳಗದ್ದು, ರೆಕ್ಕೆಯಿಲ್ಲ, ಮೀಸೆಯಿಲ್ಲ. ಹಾರಲಾರದು, ಚಿಗಟದಂತೆ ನೆಗೆಯಲಾರದು. ತಿರುಗಿಸಿ ಬೆನ್ನು ನೋಡಿದರೆ ಮುಂಭಾಗದಲ್ಲಿ ಉಗುರಿನ ತುಣುಕಿನಂಥ ಗಟ್ಟಿ ಕವಚ ಕಾಣುತ್ತದೆ. ಹೆಣ್ಣಿಗೆ ಅದು ಬೆನ್ನಿನ ಮುಂದಿನ ಭಾಗದಲ್ಲಷ್ಟೇ ಇರುವುದರಿಂದ ಹಿಂದಿನ ಚರ್ಮ ಹಿಗ್ಗುತ್ತದೆ, ಹೊಟ್ಟೆ ತುಂಬಿದಾಗ ಖಾಲಿ ಹೊಟ್ಟೆಯ ತೂಕದ ಸುಮಾರು 100 ಪಟ್ಟು ಆಗುತ್ತದೆ. ಗಂಡಿಗೆ ಬೆನ್ನಿನ ತುಂಬ ಕವಚ, ಹಾಗಾಗಿ ಅದು ಎಷ್ಟು ದಿನ ಕಚ್ಚಿಕೊಂಡಿದ್ದರೂ ಚಪ್ಪಟೆಯಾಗಿಯೇ ಇರುತ್ತದೆ. ನರುಳ್ಳೆಗೆ ಕಾಲಿಲ್ಲ, ಚರ್ಮದ ಬಣ್ಣವೇ ಅದರ ಬಣ್ಣ. ಚರ್ಮಗಂಟು ರೋಗದ ಗಂಟುಗಳು ಚರ್ಮದ ಒಳಗೇ ಇರುತ್ತವೆ, ಉಗುರು ಅಡಿಗೆ ಹೋಗುವುದಿಲ್ಲ.

ಗಾತ್ರ ಗೊತ್ತಿದ್ದರೆ ವಯಸ್ಸೂ ಗೊತ್ತಾಗುತ್ತದೆ. ಮೊಟ್ಟೆಯೊಡೆದು ಬಂದ ಮರಿ ರಾಗಿ ಕಾಳಿಗಿಂತ ಚಿಕ್ಕದು, ಅದಕ್ಕೆ ಆರೇ ಕಾಲು. ಒಮ್ಮೆ ಪೊರೆ ಬಿಟ್ಟ ಮೇಲೆ ಎಂಟು ಕಾಲು, ಸುಮಾರು ರಾಗಿಯಷ್ಟು. ಬೆಳೆದದ್ದು ಹಸಿದಿದ್ದಾಗ ಎಳ್ಳಿನಷ್ಟು, ಉಂಡ ಹೆಣ್ಣು ಹರಳಿನಷ್ಟು. ನಿಮ್ಮ ಕಣ್ಣಿಗೆ ಹರಳು ಬೀಜ ಬಿದ್ದ ದಿನ, ರಾಗಿಗಿಂತ ಚಿಕ್ಕವು ಕಿವಿಯ ಮಡಿಕೆಯಲ್ಲಿ, ಗಂಗೆದೊಗಲಿನಲ್ಲಿ, ತೊಡೆಯ ಸಂದಿಯಲ್ಲಿ ಎಷ್ಟಿವೆ ಎಂದು ಬೆರಳಿನಿಂದ ಕೂದಲು ಬಿಡಿಸಿ ನೋಡಬೇಕು.

ಇದರ ಊಟದ ಕ್ರಮವೂ ಸೊಳ್ಳೆಯಂತಲ್ಲ. ಮೊದಲು ಚರ್ಮ ಕೊಯ್ದು, ಹಿಂದಕ್ಕೆ ಬಾಗಿದ ಮುಳ್ಳುಗಳಿರುವ ಬಾಯಿಯನ್ನು ಇಳಿಸಿ, ಅನೇಕ ಜಾತಿಗಳಲ್ಲಿ ಸುತ್ತ ಅಂಟಿನಂಥ ದ್ರವ ಬಿಟ್ಟು ಗಟ್ಟಿ ಮಾಡಿಕೊಳ್ಳುತ್ತದೆ. ಕೀಳುವಾಗ ತುದಿ ಮುರಿಯುವುದು ಅದಕ್ಕೇ. ಜೊಲ್ಲಿನಲ್ಲಿ ನೋವು ತಿಳಿಯದಂತೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥಗಳಿವೆ, ಹಾಗಾಗಿ ನಿಮ್ಮ ಮಗನಿಗೆ ಕಚ್ಚಿದ್ದು ಗೊತ್ತಾಗಲಿಲ್ಲ. ಮೊದಲ ದಿನಗಳಲ್ಲಿ ಮೆಲ್ಲನೆ ಕುಡಿದು, ಕೊನೆಯ ಒಂದು ದಿನದಲ್ಲಿ ಗಬಗಬನೆ ತುಂಬಿಕೊಳ್ಳುತ್ತದೆ. ರಕ್ತದ ನೀರಿನಂಶವನ್ನು ಜೊಲ್ಲಿನ ಮೂಲಕ ಹಸುವಿನ ಮೈಗೇ ಮರಳಿ ಬಿಡುತ್ತದೆ, ರೋಗಾಣು ದಾಟುವ ದಾರಿ ಅದು. ಥೈಲೇರಿಯಾದ ರೋಗಾಣು ಉಣ್ಣೆ ಕಚ್ಚಿದ ಕೂಡಲೇ ದಾಟುವುದಿಲ್ಲ, ಜೊಲ್ಲಿನ ಗ್ರಂಥಿಯಲ್ಲಿ ಬಲಿಯಲು ಅದಕ್ಕೆ ಎರಡು ಮೂರು ದಿನ ಬೇಕು. ದಿನವೂ ಕೈಯಿಂದ ಆರಿಸಿ ತೆಗೆಯುವ ಹಳೆಯ ಪದ್ಧತಿಗೆ ಇರುವ ಬಲ ಇದೇ.

ಇನ್ನು ನಿಮ್ಮನ್ನು ಕಂಗೆಡಿಸಿರುವ "ಇಪ್ಪತ್ತು ದಿನಕ್ಕೆ ಮತ್ತೆ ಅಷ್ಟೇ" ಎಂಬ ಸಂಗತಿ. ಇಂಜೆಕ್ಷನ್ ಕೆಲಸ ಮಾಡಲಿಲ್ಲ ಎಂದು ನೀವು ತಿಳಿದಿದ್ದೀರಿ. ಅದು ತನ್ನ ಕೆಲಸ ಮಾಡಿತು, ಹಸುವಿನ ಮೈಮೇಲಿದ್ದವನ್ನು ಕೊಂದಿತು. ನೀಲಿ ಉಣ್ಣೆ ಎಂದು ನಾವು ಕರೆಯುವ ರೈಪಿಸೆಫಾಲಸ್ ಮೈಕ್ರೋಪ್ಲಸ್ ಮರಿಯಾಗಿ ಹಸುವಿನ ಮೈಗೆ ಹತ್ತಿ, ಅಲ್ಲೇ ಪೊರೆ ಬಿಟ್ಟು, ಅಲ್ಲೇ ಜೋಡಿಯಾಗಿ, ಹೆಣ್ಣು ಹೊಟ್ಟೆ ತುಂಬಿ ಉದುರುವುದಕ್ಕೆ ತೆಗೆದುಕೊಳ್ಳುವ ಕಾಲ ಸುಮಾರು 21 ದಿನ. ಇಂಜೆಕ್ಷನ್ನಿನ ಬಲ ಕುಗ್ಗುತ್ತಿದ್ದಂತೆ ನೆಲದಿಂದ ಹತ್ತಿದ ಮರಿಗಳೇ ನಿಮಗೆ ಮೂರು ವಾರಕ್ಕೆ ಕಣ್ಣಿಗೆ ಬಿದ್ದವು. ಉದುರಿದ ಒಂದು ಹೆಣ್ಣು ಗೋದಲಿಯ ಅಡಿಯಲ್ಲೋ, ಗೋಡೆಯ ಬಿರುಕಿನಲ್ಲೋ, ತಿಪ್ಪೆಯ ಅಂಚಿನಲ್ಲೋ ಸೇರಿ 2000ದಿಂದ 3000 ಮೊಟ್ಟೆ ಇಟ್ಟು ಸಾಯುತ್ತದೆ. ಮರಿಗಳು ಹುಲ್ಲಿನ ತುದಿ ಹತ್ತಿ, ಮುಂಗಾಲು ಚಾಚಿ, ಹಸುವಿನ ಉಸಿರು ಮತ್ತು ಮೈ ಬಿಸಿಯನ್ನು ಹಿಡಿಯುತ್ತ ತಿಂಗಳುಗಟ್ಟಲೆ ಉಪವಾಸವಿದ್ದು ಕಾಯಬಲ್ಲವು. ಮರದಿಂದ ಉದುರುತ್ತವೆ ಎಂಬುದು ತಪ್ಪು ತಿಳಿವಳಿಕೆ, ಅವು ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ಮಾವಿನ ತೋಟದ ಬದುವಿನಿಂದ ನೀವು ಕೊಯ್ದು ತರುವ ಹಸಿ ಹುಲ್ಲಿನ ಹೊರೆಯಲ್ಲೂ ಬರುತ್ತವೆ. ಯಾವುದೇ ದಿನ ನೋಡಿದರೂ ಉಣ್ಣೆಗಳ ಹೆಚ್ಚಿನ ಪಾಲು ಹಸುವಿನ ಮೇಲೆ ಇರುವುದಿಲ್ಲ, ನೆಲದಲ್ಲಿ ಇರುತ್ತದೆ. ನೀವು ಹಸುವಿಗೆ ಮಾತ್ರ ಔಷಧಿ ಕೊಟ್ಟಿರಿ, ಕೊಟ್ಟಿಗೆಗೆ ಕೊಡಲಿಲ್ಲ.

ತಾಯಿ ಸತ್ತರೂ ರೋಗ ಉಳಿಯುತ್ತದೆ, ಬಬೇಸಿಯಾ ಮೊಟ್ಟೆಯ ಮೂಲಕವೇ ಮರಿಗಳಿಗೆ ಹೋಗುತ್ತದೆ. ಇದನ್ನು ಕಂಡುಕೊಂಡ ಕಥೆ ನನಗೆ ಬಹಳ ಪ್ರಿಯವಾದದ್ದು. ಅಮೆರಿಕದ ದನಗಾಹಿಗಳು ದನಗಳ ಜ್ವರ ಉಣ್ಣೆಯಿಂದ ಬರುತ್ತದೆ ಎಂದು ಹೇಳಿಕೊಂಡು ಬಂದಿದ್ದರು, ಓದಿದವರು ನಂಬಲಿಲ್ಲ. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಪ್ರಯೋಗ ಮಾಡಿ 1893ರಲ್ಲಿ ಪ್ರಕಟಿಸಿದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡದ್ದು ಅದಾದ ನಾಲ್ಕು ವರ್ಷಕ್ಕೆ, 1897ರಲ್ಲಿ. ಕೊಟ್ಟಿಗೆಯಲ್ಲಿ ದಿನವೂ ಕೈಯಾಡಿಸುವವರು ಕಂಡದ್ದನ್ನು ನಾನು ತಳ್ಳಿಹಾಕದಿರಲು ಇದೂ ಒಂದು ಕಾರಣ.

ಆದರೆ ಪಕ್ಕದ ಮನೆಯವರ ಟೊಮೇಟೊ ಔಷಧಿಯ ಸಲಹೆಯನ್ನು ಖಂಡಿತ ಕೇಳಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಳಬಾಗಿಲು ಕಡೆಯ ಒಂದು ಹಳ್ಳಿಗೆ ರಾತ್ರಿ ಹೋಗಿದ್ದೆ. ಲಾಟೀನು ಬೆಳಕಿನಲ್ಲಿ ಹಸು ಮಲಗಿತ್ತು. ಬಾಯಿಂದ ಜೊಲ್ಲು ಹಗ್ಗದಂತೆ ನೆಲ ಮುಟ್ಟುತ್ತಿತ್ತು, ತೊಡೆಯ ಚರ್ಮದ ಅಡಿಯಲ್ಲಿ ಮಾಂಸಖಂಡ ಹುಳು ಹರಿದಂತೆ ಅದುರುತ್ತಿತ್ತು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಬಟ್ಟೆಯಲ್ಲಿ ಅದ್ದಿ ಮೈಗೆಲ್ಲ ಒರೆಸಿದ್ದರು. ತಾಯಿಯನ್ನು ನೆಕ್ಕಿದ ಕರು ನಾನು ತಲುಪುವ ಮೊದಲೇ ಸತ್ತಿತ್ತು. ಅಟ್ರೋಪಿನ್ ಕೊಟ್ಟು, ಸೋಪು ನೀರಿನಲ್ಲಿ ಮೈ ತೊಳೆದು, ಬೆಳಗಿನ ಹೊತ್ತಿಗೆ ಹಸು ಎದ್ದಿತು. ಆ ಮನೆಯ ಹೆಂಗಸು ಕರುವಿನ ಕೊರಳಿನ ಗೆಜ್ಜೆಯನ್ನು ಕೈಯಲ್ಲಿ ಹಿಡಿದುಕೊಂಡು ಬೆಳಗಿನವರೆಗೂ ಅಲ್ಲೇ ಕುಳಿತಿದ್ದಳು. ಬೆಳೆಯ ಔಷಧಿಯ ಸಾಂದ್ರತೆಯೇ ಬೇರೆ, ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಹಾಲಿಗೂ ಬರುತ್ತದೆ.

ದನಕ್ಕೆಂದೇ ಇರುವ ಔಷಧಿಗಳಲ್ಲಿ ಒಂದೊಂದಕ್ಕೂ ಒಂದು ತೊಡಕಿದೆ. ನಿಮ್ಮ ಹಸುಗಳಿಗೆ ಕೊಟ್ಟದ್ದು ಬಹುಶಃ ಐವರ್‌ಮೆಕ್ಟಿನ್. ಅದು ಹಾಲಿನಲ್ಲಿ ದಿನಗಟ್ಟಲೆ ಉಳಿಯುತ್ತದೆ, ಡೇರಿಗೆ ಹಾಲು ಹಾಕುವ ಹಸುವಿಗೆ ಹೊಂದುವುದಿಲ್ಲ. ಕೊಟ್ಟವರು ಅದನ್ನು ನಿಮಗೆ ಹೇಳಬೇಕಿತ್ತು. ಮೈಗೆ ಸಿಂಪಡಿಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಸುಲಭವಾಗಿ ಸಿಗುತ್ತವೆ, ಆದರೆ ಇವಕ್ಕೆ ಜಗ್ಗದ ಉಣ್ಣೆ ನಮ್ಮ ದೇಶದ ಹಲವು ಕಡೆ ದಾಖಲಾಗಿದೆ. ಒಂದು ಕೆಲಸ ಮಾಡಲಿಲ್ಲವೆಂದು ಇನ್ನೊಂದನ್ನು ತಂದರೆ ಬಾಟಲಿ ಬದಲಾಯಿತೇ ಹೊರತು ಔಷಧಿಯ ಗುಂಪು ಬದಲಾಗಲಿಲ್ಲ, ಎರಡೂ ಒಂದೇ ಕುಟುಂಬದವು. ಬದಲಿಸುವುದಾದರೆ ಅಮಿಟ್ರಾಜ್‌ನಂಥ ಬೇರೆ ಗುಂಪಿಗೆ ಹೋಗಬೇಕು, ಪ್ರಮಾಣವನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಉಳಿತಾಯವಾಗಲೆಂದು ಹೆಚ್ಚು ನೀರು ಬೆರೆಸಿ ತೆಳುವಾಗಿ ಹೊಡೆದರೆ ಸಾಯದೆ ಉಳಿದ ಉಣ್ಣೆಗಳೇ ಮುಂದಿನ ಪೀಳಿಗೆಯನ್ನು ಹೆರುತ್ತವೆ. ಹೊಡೆಯುವ ದಿನ ಹಸುವಿಗೆ ಮೊದಲು ನೀರು ಕುಡಿಸಿ, ಹಾಲು ಕರೆದಾದ ಮೇಲೆ, ಬಿಸಿಲು ಏರುವ ಮೊದಲು, ಮಳೆಯಿಲ್ಲದಾಗ, ಕೂದಲಿನ ಬುಡ ನೆನೆಯುವಂತೆ ಹೊಡೆಯಿರಿ. ಬಾಲದ ಅಡಿ, ತೊಡೆಯ ಸಂದಿ ಬಿಡಬೇಡಿ, ಕಿವಿಯ ಒಳಭಾಗವನ್ನು ಬಟ್ಟೆಯಿಂದ ಒರೆಸಿ. ಕೈಗವಸು, ಮುಖಕ್ಕೆ ಬಟ್ಟೆ ಇರಲಿ. ಮೈ ಒಣಗುವವರೆಗೆ ಕರು ನೆಕ್ಕದಂತೆ ನೋಡಿಕೊಳ್ಳಿ, ಮುಂದಿನ ಬಾರಿ ಕರೆಯುವ ಮುಂಚೆ ಕೆಚ್ಚಲು ತೊಳೆಯಿರಿ.

ನಿಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ರೇಷ್ಮೆ ಹುಳುವಿಗೆ ಕಡುವಿಷ. ಗಾಳಿಯಲ್ಲಿ ತೇಲಿದ ಹನಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೂ ಸಾಕು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಬೇಡುತ್ತಿರುವ ಹುಳುವನ್ನು ಕಳೆದುಕೊಂಡರೆ ಒಂದು ಬೆಳೆಯೇ ಹೋದಂತೆ. ಹುಳು ಮನೆಯಲ್ಲಿ ಹುಳು ಇರುವಾಗ ಹೊಡೆಯಬೇಡಿ, ಗೂಡು ಬಿಡಿಸಿ ಮಾರುಕಟ್ಟೆಗೆ ಹೋದ ಮೇಲಿನ ಬಿಡುವಿನಲ್ಲಿ ಇಟ್ಟುಕೊಳ್ಳಿ. ಔಷಧಿ ಹೊಡೆದವರು ಆ ಬಟ್ಟೆಯಲ್ಲಿ ತೋಟಕ್ಕಾಗಲಿ ಹುಳು ಮನೆಗಾಗಲಿ ಕಾಲಿಡಬಾರದು. ಆ ಸ್ಪ್ರೇಯರ್ ಬೇರೆಯೇ ಇರಲಿ. ಉಳಿದ ದ್ರಾವಣವನ್ನು ಕೆರೆ ಕಾಲುವೆಗೆ ಸುರಿಯಬೇಡಿ, ಮೀನು ಸಾಯುತ್ತವೆ. ಹುಳು ಇರುವ ದಿನಗಳಲ್ಲಿ ಕೈಯಿಂದ ಆರಿಸಿ ಸೋಪು ನೀರಿನ ಡಬ್ಬಿಗೆ ಹಾಕುವುದೇ ನಿಮಗೆ ಸರಿಯಾದ ದಾರಿ. ಬೇವು, ಬೆಳ್ಳುಳ್ಳಿ, ಬಜೆ, ಅರಿಸಿನ, ತುಳಸಿ ಅರೆದು ಸೋಸಿ ವಾರಕ್ಕೊಮ್ಮೆ ಸಿಂಪಡಿಸುವ ನಾಟಿ ಔಷಧಿ ಉಣ್ಣೆ ಕಡಿಮೆ ಇದ್ದಾಗ ಸಹಾಯಕ್ಕೆ ಬರುತ್ತದೆ, ನಾನೂ ಹೇಳುತ್ತೇನೆ. ಆದರೆ ಬೇವು ರೇಷ್ಮೆ ಹುಳುವಿಗೂ ಹಿತವಲ್ಲ ಎಂಬುದು ನೆನಪಿರಲಿ.

ಕೊಟ್ಟಿಗೆಯ ಕೆಲಸಕ್ಕೆ ಹಣಕ್ಕಿಂತ ಒಂದು ಭಾನುವಾರ ಬೇಕು. ಚಪ್ಪಡಿ ಗೋಡೆಯಾದರೆ ಸಂದುಗಳನ್ನು, ಮಣ್ಣಿನ ಗೋಡೆಯಾದರೆ ಬಿರುಕುಗಳನ್ನು ಸಿಮೆಂಟಿನಿಂದ ತುಂಬಿ ಸುಣ್ಣ ಬಳಿಯಿರಿ. ಥೈಲೇರಿಯಾ ಹರಡುವ ಹಯಲೋಮಾ ಜಾತಿಯ ಉಣ್ಣೆ, ಕಾಲಿಗೆ ತಿಳಿ ಬಣ್ಣದ ಬಳೆ ತೊಟ್ಟಂತೆ ಕಾಣುವುದು, ಆ ಬಿರುಕುಗಳಲ್ಲೇ ಮೊಟ್ಟೆಯಿಡುತ್ತದೆ. ಗೋದಲಿಯ ಅಡಿಯ ಹಳೆಯ ಕಸ ತೆಗೆದು ಸುಡಿ. ತಿಪ್ಪೆ ಕೊಟ್ಟಿಗೆಗೆ ಅಂಟಿಕೊಂಡಿದ್ದರೆ ದೂರ ಸರಿಸಿ. ಹಸುವಿಗೆ ಔಷಧಿ ಹೊಡೆದ ದಿನವೇ ಗೋಡೆಯ ಮೂಲೆಗಳಿಗೂ ಹೊಡೆಯಿರಿ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 18ರಿಂದ 20ನೇ ದಿನದ ಒಳಗೆ, ಅಂದರೆ ಹೊಸ ಹೆಣ್ಣುಗಳು ಹೊಟ್ಟೆ ತುಂಬಿ ಉದುರುವ ಮುಂಚೆ, ಎರಡನೇ ಸಲ ಮಾಡಿ. ಹುಳು ಇದ್ದರೆ ಆ ಸರದಿಯನ್ನು ಕೈಯಿಂದ ಆರಿಸಿ ತುಂಬಿಸಿ. ಹೀಗೆ ಮೂರು ನಾಲ್ಕು ಸುತ್ತು ಆಗಬೇಕು. ಸಂತೆಯಿಂದ ತಂದ ಹಸುವನ್ನು ಮೂರು ವಾರ ಬೇರೆ ಕಟ್ಟಿ. ನಾಯಿಯನ್ನು ಮರೆತರೆ ಮಗುವಿನ ವಿಷಯದಲ್ಲಿ ಎಲ್ಲ ವ್ಯರ್ಥ. ಅದರ ಉಣ್ಣೆ ಮನೆಯೊಳಗಿನ ಗೋಡೆಯ ಸಂದಿಯಲ್ಲೇ ಸಂಸಾರ ಹೂಡುತ್ತದೆ. ನಾಯಿಗೆ ಈಗ ಬಾಯಿಗೆ ಹಾಕುವ ಒಳ್ಳೆಯ ಮಾತ್ರೆಗಳಿವೆ, ತೂಕ ನೋಡಿ ವೈದ್ಯರು ಬರೆದುಕೊಡುತ್ತಾರೆ. ಅದು ಮಲಗುವ ಗೋಣಿಚೀಲವನ್ನು ಸುಟ್ಟು ಹೊಸದು ಹಾಸಿ.

ನಾಟಿ ಹಸುವಿಗೆ ಉಣ್ಣೆ ಕಡಿಮೆ ಎಂದು ನೀವು ಗಮನಿಸಿದ್ದು ನಿಜ. ಅದರ ಚರ್ಮ ಕಚ್ಚಿದಲ್ಲಿ ಬೇಗ ಕೆರಳುತ್ತದೆ, ಅದು ಚೆನ್ನಾಗಿ ನೆಕ್ಕಿಕೊಳ್ಳುತ್ತದೆ, ಅದರ ರಕ್ತಕ್ಕೆ ಈ ರೋಗಗಳ ಪರಿಚಯ ತಲೆತಲಾಂತರದ್ದು. ಆದರೆ ಆರೋಗ್ಯವಾಗಿ ಕಾಣುತ್ತಲೇ ಅದು ರೋಗಾಣುವನ್ನು ಇಟ್ಟುಕೊಂಡಿರಬಹುದು, ಅಲ್ಲಿಂದ ಉಣ್ಣೆ ಎಚ್‌ಎಫ್ ಹಸುವಿಗೆ ಒಯ್ಯಬಹುದು. ಔಷಧಿ ಹೊಡೆಯುವಾಗ ಅದನ್ನು ಬಿಡಬೇಡಿ. ಮಿಶ್ರತಳಿ ಕರುವಿಗೆ ಥೈಲೇರಿಯಾ ಲಸಿಕೆ ಇದೆ. ಅದನ್ನು ದ್ರವ ಸಾರಜನಕದ ಪಾತ್ರೆಯಲ್ಲಿ ಕಾಪಾಡಬೇಕಾದ್ದರಿಂದ ಎಲ್ಲ ಕಡೆ ಕೈಗೆ ಸಿಗುವುದಿಲ್ಲ, ವೈದ್ಯರನ್ನು ಈಗಲೇ ಕೇಳಿಡಿ.

ಅತ್ತೆಯವರ ಕೋಳಿಯ ಮಾತು ಉಳಿಯಿತು. ಅವರು ಹೇಳಿದ್ದು ಸರಿ, ನಾಟಿ ಕೋಳಿ ಉಣ್ಣೆಯನ್ನು ಹುಡುಕಿ ತಿನ್ನುತ್ತದೆ. ಹೊಟ್ಟೆ ತುಂಬಿ ನೆಲಕ್ಕೆ ಬಿದ್ದ ಹೆಣ್ಣು ಉಣ್ಣೆ ಅದಕ್ಕೆ ಒಳ್ಳೆಯ ಊಟ, ಮಲಗಿದ ಹಸುವಿನ ಮೈಯಿಂದಲೂ ಕುಕ್ಕಿ ತೆಗೆಯುತ್ತದೆ. ಬೆಳಗ್ಗೆ ಹಸುಗಳು ಮೆಲುಕು ಹಾಕುವ ಹೊತ್ತಿಗೆ ಕೋಳಿಗಳನ್ನು ಕೊಟ್ಟಿಗೆಗೆ ಬಿಡಿ. ಅದೊಂದೇ ಸಾಲದು, ಆದರೆ ಒಂದು ಕೋಳಿ ನುಂಗಿದ ಒಂದು ಹರಳು ಬೀಜ ಎಂದರೆ ನೆಲಕ್ಕೆ ಬೀಳದ 2000 ಮೊಟ್ಟೆ. ಔಷಧಿ ಹೊಡೆದ ದಿನ ಮತ್ತು ಮರುದಿನ ಮಾತ್ರ ಅವನ್ನು ಹೊರಗೇ ಇಡಿ. ರಾತ್ರಿ ಕೋಳಿಗಳು ಕೂರುವ ಗೂಡು ಕೊಟ್ಟಿಗೆಯಿಂದ ಬೇರೆಯಾಗಿರಲಿ. ಕೋಳಿಗೂ ಅದರದೇ ಒಂದು ಉಣ್ಣೆ ಇದೆ, ಹಗಲು ಮರದ ಸಂದಿಯಲ್ಲಿ ಅಡಗಿ, ರಾತ್ರಿ ಬಂದು ಅರ್ಧ ಗಂಟೆಯಲ್ಲಿ ಕುಡಿದು ಹೋಗುತ್ತದೆ. ಆ ಗೂಡಿನ ಸಂದುಗಳಿಗೂ ಅದೇ ಭಾನುವಾರ ಸುಣ್ಣ ಬಳಿದುಬಿಡಿ.